ಬೇಯದ ಬೇಳೆ

(ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಶ್ರೀಗಳು ಅನುಗ್ರಹಿಸಿದ ಆಶೀರ್ವಚನ)



ಇಂದಿನ ಗೋಷ್ಠಿಗೆ ಬೇರೆ ವಿಷಯ ಇತ್ತು. ಪತ್ರಿಕೆಯಲ್ಲಿ ‘ಷಟ್‌ಸ್ಥಲ ವಿಚಾರ’ ಎಂದು ಅಚ್ಚಾಗಿದೆ. ಅದನ್ನು ಮುಂದಿನ ಅಮಾವಾಸ್ಯೆಗೆ ಇಟ್ಟುಕೊಳ್ಳೋಣ. ಇಂದು ನಾವು ಒಂದು ಊಟದ ವಿಚಾರ ಹೇಳಬೇಕಾಗಿದೆ. ಏಕೆಂದರೆ ಕಳೆದ ಹದಿನೈದು ದಿವಸಗಳಿಂದ ಒಂದು ಸುದ್ದಿ ಸೇಡಂನಿಂದ ಹೊರಟು, ಚಿತ್ತಾಪುರ, ವಾಡಿ, ಶಹಾಬಾದ ತಿರುಗಿ, ಊರೂರಿಗೆ ಉಪ್ಪುಖಾರ ಹಚ್ಚಿಸಿಕೊಂಡು ಮಠಕ್ಕೇ ಬಂದು ಮುಟ್ಟಿದೆ. “ಅಪ್ಪೋರು ಹೋಟೆಲಿನಲ್ಲಿ ಉಂಡರಂತೆ, ಊಟ ಸೇರಲಿಲ್ಲವಂತೆ, ಬಡಿಸುವ ಹುಡುಗನಿಗೆ ಬೈದರಂತೆ, ತಾಟು ದೂಡಿ ಎದ್ದರಂತೆ” ಎಂದು. ತಾಟು ದೂಡಲಿಲ್ಲ. ಅದೊಂದು ಸುಳ್ಳು. ಉಳಿದದ್ದೆಲ್ಲ ನಿಜ. (ಸಭೆಯಲ್ಲಿ ನಗು.)

ಮಠದ ಸ್ವಾಮಿಗಳು ಹೋಟೆಲಿನಲ್ಲಿ ಕುಳಿತದ್ದೇ ತಪ್ಪೆಂದು ಕೆಲವು ಹಿರಿಯರು ಹೇಳಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ನಡೆದ ತಪ್ಪು ಅದಲ್ಲ. ನಡೆದದ್ದು ಇನ್ನೂ ದೊಡ್ಡದು. ಅದನ್ನು ನಾವೇ ಹೇಳಿಬಿಟ್ಟರೆ ಒಳ್ಳೆಯದು.

ಸೇಡಂ ತಾಲ್ಲೂಕಿನ ಒಬ್ಬ ಹಿರಿಯ ಯಜಮಾನರು ನಮ್ಮನ್ನು ಪಾದಪೂಜೆಗೆ ಕರೆದಿದ್ದರು. ಒಕ್ಕಲುತನದ ಮನೆ. ತಲೆತಲಾಂತರದಿಂದ ತೊಗರಿ ಬೆಳೆಯುತ್ತ ಬಂದವರು. ಅವರ ಅಪ್ಪಣೆ ಕೇಳಿಯೇ ಈ ಮಾತು ಹೇಳುತ್ತಿದ್ದೇವೆ. ಅವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಯಾರೆಂದು ತಿರುಗಿ ತಿರುಗಿ ನೋಡಬೇಡಿರಿ. ಅವರ ಮಗ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾನೆ, ರಜೆಗೆ ಬಂದಿದ್ದ. ಪೂಜೆ ಮುಗಿದ ಮೇಲೆ ಅವನು ಕೈಮುಗಿದು, “ಅಪ್ಪೋರೆ, ಈ ಸಲ ಮಳೆ ಛಲೋ ಆಗ್ಯಾದ. ಚಂದ್ರಂಪಳ್ಳಿ ನೀರು ತುಂಬ್ಯಾದ. ನೋಡಿಕೊಂಡು ಬರೋಣ್ರಿ. ಊಟದ್ದೂ ಅಲ್ಲೇ ವ್ಯವಸ್ಥಾ ಮಾಡೀನಿ. ನೀರು ಕಾಣಂಗ ಒಂದು ದೊಡ್ಡ ಹೋಟೆಲ್ ಆಗ್ಯಾದ” ಎಂದ. ಅಡಿಗೆಯ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿತ್ತು. ಆ ಸಪ್ಪಳ ಬೆಳಗಿನ ಐದು ಗಂಟೆಯಿಂದ ನಿಂತಿರಲಿಲ್ಲ. ನಾವು ಅದನ್ನು ಕೇಳಿಯೂ “ಆಗಲಿ” ಎಂದೆವು. ಹುಡುಗನ ಉತ್ಸಾಹಕ್ಕೆ ಭಂಗ ತರಬಾರದೆಂದು ಆಗ ನಮಗೆ ನಾವೇ ಹೇಳಿಕೊಂಡೆವು. ಈಗ ವಿಚಾರ ಮಾಡಿದರೆ, ದೊಡ್ಡ ಹೋಟೆಲು ಎಂಬ ಮಾತಿಗೆ ನಮ್ಮ ಮನಸ್ಸೂ ಸ್ವಲ್ಪ ಸೋತಿತ್ತು. ಸಪ್ಪಳ ನಿಂತಿತು. ಆ ತಾಯಿ ಹೊರಗೆ ಬಂದು ನಮಸ್ಕಾರ ಮಾಡಿದರು, ಏನೂ ಅನ್ನಲಿಲ್ಲ.

ಮೂರು ಮೋಟಾರುಗಳಲ್ಲಿ ಹೊರಟೆವು. ನಮ್ಮ ಈ ಸೀಮೆಯನ್ನು ನೀವು ದಿನವೂ ನೋಡುವವರು, ಆದ್ದರಿಂದ ನಿಮಗೆ ಕಾಣುವುದಿಲ್ಲ. ಇಲ್ಲಿ ಶಹಾಬಾದಿನಲ್ಲಿ ನೆಲ ಅಗೆದರೆ ಫರಸಿ ಕಲ್ಲು, ಹಾಳೆ ಹಾಳೆಯಾಗಿ ಏಳುತ್ತದೆ, ಪುಸ್ತಕ ಬಿಡಿಸಿದ ಹಾಗೆ. ವಾಡಿಯಲ್ಲಿ ಅದೇ ಸುಣ್ಣಕಲ್ಲು ಸಿಮೆಂಟಾಗಿ ರೈಲು ಹತ್ತುತ್ತದೆ. ಅಲ್ಲಿಂದ ಸಿಕಂದರಾಬಾದಿಗೆ ಹೋಗುವ ಹಳಿ 1874ರಲ್ಲಿ ನಿಜಾಮರ ಕಾಲದಲ್ಲಿ ಬಿದ್ದದ್ದು; ಅದರ ಗುಂಟ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಕಾಗಿಣಾ ನದಿಯ ದಂಡೆಯ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಕನ್ನಡದ ಕವಿರಾಜಮಾರ್ಗ ಹುಟ್ಟಿದ್ದು ನೃಪತುಂಗನ ಆ ಆಸ್ಥಾನದಲ್ಲಿ. ಸೇಡಂ ದಾಟಿ ಚಿಂಚೋಳಿಯ ಕಡೆ ಹೊರಳಿದರೆ ಎರಡೂ ಮಗ್ಗುಲಿಗೆ ಸೊಂಟದೆತ್ತರದ ತೊಗರಿ. ಹೆಸರು ಬಿಡಿಸಿ ಖಾಲಿಯಾದ ಹೊಲಗಳು ನಡುನಡುವೆ. ಮುಂದೆ ಮುಂದೆ ಎರೆಭೂಮಿ ತೀರಿ ಮಣ್ಣು ಕೆಂಪಾಗುತ್ತದೆ, ಗುಡ್ಡ ಏಳುತ್ತವೆ, ಅಡವಿ ಬರುತ್ತದೆ. ಈ ಅಡವಿಯನ್ನು ಸರಕಾರದವರು 2011ರಲ್ಲಿ ವನ್ಯಜೀವಿಧಾಮ ಎಂದು ಸಾರಿದರು, ಸುಮಾರು 134 ಚದರ ಕಿಲೋಮೀಟರು. ನಮ್ಮ ಬಿಸಿಲು ನಾಡಿನಲ್ಲಿ ಇಂಥ ಹಸಿರು ಉಂಟೆಂದು ಬೆಂಗಳೂರಿನವರಿಗೆ ಹೇಳಿದರೆ ನಂಬುವುದಿಲ್ಲ.

ಎತ್ತಿಪೋತದ ಜಲಪಾತ ನೋಡಿದೆವು. ಕರಿಯ ಬಂಡೆಯ ಮೇಲಿನಿಂದ ಬಿಳಿಯ ನೀರು. ಚಂದ್ರಂಪಳ್ಳಿಯ ಜಲಾಶಯ ಗುಡ್ಡಗಳ ನಡುವೆ ಕನ್ನಡಿ ಇಟ್ಟ ಹಾಗೆ ಇತ್ತು. ಗಾಳಿಗೆ ನೀರು ಮಿಸುಕಿದರೆ ಗುಡ್ಡವೂ ಮಿಸುಕುತ್ತಿತ್ತು. ನಾವು ಬಹಳ ಹೊತ್ತು ಸುಮ್ಮನೆ ನಿಂತೆವು. ಜಪಕ್ಕೆ ಕುಳಿತರೂ ಅಂಥ ಏಕಾಗ್ರತೆ ಕೆಲವು ದಿವಸ ಬರುವುದಿಲ್ಲ, ಹೇಳಿಕೊಳ್ಳಲಿಕ್ಕೆ ನಾಚಿಕೆಯೇನು?

ಆಮೇಲೆ ಊಟ.

ಹೋಟೆಲಿನ ಹೆಸರು ಬೇಡ, ಅದು ಇರುವ ಜಾಗವೂ ಬೇಡ. ಸಸ್ಯಾಹಾರದ್ದು ಎಂದು ಮೊದಲೇ ವಿಚಾರಿಸಿಕೊಂಡಿದ್ದರು. ಒಂದು ದಿಬ್ಬದ ಮೇಲೆ, ಕುಳಿತಲ್ಲಿಂದ ನೀರು ಕಾಣುತ್ತದೆ. ಕೆಳಗೆ ಹೊಳೆಯುವ ಹಂಚು ಹಾಸಿದ್ದಾರೆ, ಹೊರನಾಡಿನಿಂದ ತರಿಸಿದ್ದಂತೆ. ಫರಸಿ ಕಲ್ಲಿನ ನಾಡಿನಲ್ಲಿ! ಹಾಳೆ ಹಾಳೆಯ ಒಂದು ಪಟ್ಟಿ ತಂದಿಟ್ಟರು. ನಾನು, ಪನೀರು, ಮಂಚೂರಿ, ಹತ್ತಾರು ತರದ ನೂಡಲ್ಸು. ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನ ತನಕ ಓದಿ, “ರೊಟ್ಟಿ ಬರದಿಲ್ಲಲ್ಲೋ ತಮ್ಮಾ” ಎಂದು ಮಗನನ್ನು ಕೇಳಿದರು. “ಅಪ್ಪಾ, ರೊಟ್ಟಿ ದಿನಾ ಉಣ್ತೀ ಅಲ್ಲ” ಎಂದ ಮಗ. ಅವನ ಮಾತೂ ಸರಿಯೇ.

ಒಂದೂಕಾಲು ತಾಸು ಕುಳಿತೆವು. ಮೊದಲು ಎಲ್ಲರೂ ನೀರು ನೋಡಿ ಹೊಗಳಿದರು. ಅರ್ಧ ತಾಸಿನ ಮೇಲೆ ಹೊಗಳಿಕೆ ತೀರಿತು. ಮುಂದೆ ಎಲ್ಲರೂ ಅಡಿಗೆಯ ಕೋಣೆಯ ಬಾಗಿಲು ನೋಡಹತ್ತಿದರು, ಅತ್ತ ಗುಡ್ಡದ ಮೇಲೆ ಮೋಡ ಇಳಿದು ನೀರೆಲ್ಲ ಬೆಳ್ಳಿಯಾದದ್ದನ್ನು ಒಬ್ಬರೂ ನೋಡಲಿಲ್ಲ. ಹಸಿವೆ ಎಂಬುದು ಹಾಗೆ. ಕಣ್ಣಿಗೆ ಅದು ಪರದೆ ಎಳೆಯುತ್ತದೆ.

ಕೊನೆಗೆ ಬಂತು. ನಾನು ಜಗ್ಗಿದರೆ ಹರಿಯದು, ಚಪ್ಪಲಿಯ ಅಟ್ಟೆಯ ಹಾಗೆ. ಪನೀರಿನ ಸಾರಿನಲ್ಲಿ ಹುಳಿಯ ಹೊರತು ಬೇರೆ ರಸವಿಲ್ಲ. ಷಡ್ರಸಗಳಲ್ಲಿ ಐದಕ್ಕೆ ರಜೆ. ಅನ್ನ ತಣ್ಣಗೆ. ಅದೆಲ್ಲ ಸಹಿಸಬಹುದಿತ್ತು. ಒಂದು ಬಟ್ಟಲಲ್ಲಿ ಬೇಳೆ ಬಂತು ನೋಡಿರಿ. ಮೇಲೆ ಹಳದಿ ನೀರು, ಕೆಳಗೆ ಬೇಳೆ. ಬೇಳೆ ಬೇರೆ, ನೀರು ಬೇರೆ, ಅದ್ವೈತವೇ ಇಲ್ಲ. ಬಾಯಿಗೆ ಹಾಕಿದರೆ ಹಲ್ಲಿಗೆ ಕಟಕಟ.

ತಾಯಂದಿರೇ, ನಿಮಗೆ ನಾವು ಅಡಿಗೆ ಕಲಿಸಬೇಕಾಗಿಲ್ಲ. ಆದರೂ ಹೇಳುತ್ತೇವೆ. ತೊಗರಿಗೆ ಸಂಸ್ಕೃತದಲ್ಲಿ ಆಢಕೀ, ತುವರೀ ಎಂದು ಹೆಸರು. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮುದ್ರೆ ಸಿಕ್ಕಿತು. ಅಂದರೆ ಈ ಮಣ್ಣಿನದೇ ಗುಣ, ಬೇರೆಯವರು ಈ ಹೆಸರಿನಲ್ಲಿ ಮಾರುವಂತಿಲ್ಲ. ಈ ಎರೆಯ ಕೆಳಗಿನ ಸುಣ್ಣಕಲ್ಲೇ ತೊಗರಿಗೆ ರುಚಿ ಕೊಡುತ್ತದೆ ಎನ್ನುತ್ತಾರೆ. ಅದೇ ಸುಣ್ಣ ಬಾವಿಯ ನೀರಿನಲ್ಲಿ ಕರಗಿದರೆ ನೀರು ಗಡುಸಾಗಿ ಬೇಳೆ ಬೇಯಗೊಡುವುದಿಲ್ಲ. ಅದಕ್ಕೇ ನಮ್ಮ ಅಜ್ಜಿಯರು ಬೇಳೆಗೆಂದು ಸವಿನೀರು ಬೇರೆ ಹೊತ್ತು ತರುತ್ತಿದ್ದರು. ಹುಳಿಯನ್ನು ಬೇಳೆ ಬೆಂದ ಮೇಲೆ ಹಾಕುತ್ತಿದ್ದರು. ಮೊದಲೇ ಹಾಕಿದರೆ ತಾಸುಗಟ್ಟಲೆ ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಅಲ್ಲಿ ಯಾರೋ ಟೊಮ್ಯಾಟೊ ಮೊದಲೇ ಸುರಿದಿದ್ದರು. 

ನಮ್ಮ ಯಜಮಾನರು ಒಂದು ಚಮಚ ಬಾಯಿಗಿಟ್ಟು, ಮೆಲ್ಲಗೆ ಚಮಚ ಕೆಳಗಿಟ್ಟರು. ನೆಟೆರೋಗ ಬಿದ್ದ 2022ರ ಹಂಗಾಮಿನಲ್ಲಿ ಹೊಲಕ್ಕೆ ಹೊಲವೇ ಒಣಗಿ ನಿಂತದ್ದನ್ನು ನೋಡಿ ಅತ್ತವರು ಅವರು. ತೊಗರಿಯ ಬೆಲೆ ಅವರಿಗೆ ಗೊತ್ತು. ಏನೂ ಅನ್ನಲಿಲ್ಲ. ಅಂದದ್ದು ನಾವು. ಬಡಿಸುವ ಹುಡುಗ ಹತ್ತಿರ ಬಂದಾಗ, ಎಲ್ಲರಿಗೂ ಕೇಳಿಸುವ ಹಾಗೆ, “ಏನಪ್ಪಾ, ಈ ಬೇಳೆ ಉಣ್ಣಲಿಕ್ಕೆ ಕೊಟ್ಟೀಯೋ, ಎಣಿಸಲಿಕ್ಕೆ ಕೊಟ್ಟೀಯೋ?” ಎಂದೆವು. ಮೂರು ಮೋಟಾರಿನ ಭಕ್ತರೂ ನಕ್ಕರು. ಸ್ವಾಮಿಗಳು ವಿನೋದ ಮಾಡಿದರೆ ನಗಲೇಬೇಕಲ್ಲ. (ನಗು.) ನೋಡಿ, ಈಗಲೂ ನಕ್ಕಿರಿ.

ಇಬ್ಬರು ನಗಲಿಲ್ಲ. ಆ ಹುಡುಗನ ಮುಖ ಇಳಿಯಿತು. ಅದಕ್ಕಿಂತ ಹೆಚ್ಚಾಗಿ ಯಜಮಾನರ ಮುಖ ಇಳಿಯಿತು. ಊಟ ಹಾಕಿಸಿದವರು ಅವರು. ರೊಕ್ಕ ಅವರದು, ಕರೆದವರು ಅವರು, ಮಗನ ಮಾತಿಗೆ ಹ್ಞೂಂ ಎಂದವರು ಅವರು. ನಾವು ಬೇಳೆಯನ್ನು ಹಳಿದರೆ ಅದು ಹೋಗಿ ಅವರ ಎದೆಗೆ ನಾಟಿತು. ಅದು ನಮಗೆ ಆಗ ತಿಳಿಯಲಿಲ್ಲ. ಮಾತು ಚೆನ್ನಾಗಿ ಬಿತ್ತು ಎಂಬ ಸಂತೋಷದಲ್ಲಿ ನಾವಿದ್ದೆವು.

ಕೈತೊಳೆಯಲು ಹಿತ್ತಲಿಗೆ ಹೋದೆವು. ಮಧ್ಯಾಹ್ನ ಮೂರೂವರೆ. ಅಲ್ಲಿ ಒಂದು ಫರಸಿ ಕಲ್ಲಿನ ಮೇಲೆ ಆ ಹುಡುಗ ಕುಳಿತಿದ್ದಾನೆ. ಮುಂದೆ ಒಂದು ಅರಿವೆಯ ಗಂಟು. ಅದರಲ್ಲಿ ಎರಡು ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ನಮ್ಮನ್ನು ಕಂಡವನೇ ಗಂಟು ಮುಚ್ಚಿ ಎದ್ದುನಿಂತ.

“ಕೂಡು ತಮ್ಮಾ, ಉಣ್ಣು. ಇನ್ನೂ ಉಂಡಿಲ್ಲೇನು?”

“ಗಿರಾಕಿ ಮುಗೀಬೇಕ್ರಿ ಅಪ್ಪೋರೆ. ಮುಂಜಾನಿಂದ ಕೂತಿಲ್ರಿ.”

“ಹೋಟೆಲಿನಾಗ ಊಟ ಕೊಡಂಗಿಲ್ಲೇನು?”

“ಕೊಡ್ತಾರ್ರಿ. ಅದು ನಮಗ ಸೇರಂಗಿಲ್ರಿ. ಅವ್ವ ಕಟ್ಟಿ ಕೊಡ್ತಾಳ.”

ಅವನು ಕುಚೋದ್ಯದಿಂದ ಹೇಳಲಿಲ್ಲ, ಸಹಜವಾಗಿ ಹೇಳಿದ. ನಾವು ನೂರಾರು ರೂಪಾಯಿ ಕೊಟ್ಟು ಕೊರಗುತ್ತ ಉಂಡದ್ದನ್ನು ಬಡಿಸುವವನೇ ಮುಟ್ಟುವುದಿಲ್ಲ. ಮಾತನಾಡಿಸುತ್ತ ಹೋದಂತೆ ಉಳಿದದ್ದೂ ಹೊರಬಿತ್ತು. ಎರಡು ದಿವಸದ ಹಿಂದೆ ಅಡಿಗೆಯವನು ಸಂಬಳದ ಜಗಳ ತೆಗೆದು ಊರಿಗೆ ಹೋಗಿದ್ದಾನೆ. ಮಾಲೀಕರೇ ಒಲೆಯ ಮುಂದೆ ನಿಂತಿದ್ದಾರೆ; ಅವರು ಹುಟ್ಟಿದಾಗಿನಿಂದ ಬೇಳೆ ಬೇಯಿಸಿದವರಲ್ಲ. ವಾರವೆಲ್ಲ ಈ ಕಡೆ ನರಪಿಳ್ಳೆ ಸುಳಿಯುವುದಿಲ್ಲ, ರವಿವಾರ ಒಮ್ಮೆಲೇ ಮೂರು ಮೋಟಾರಿನ ಜನ ಇಳಿಯುತ್ತಾರೆ. “ನಿಮ್ಮ ಮಾಲೀಕರಿಗೆ ರೊಟ್ಟಿ ಇಡಂತ ಯಾಕ ಹೇಳಬಾರದು?” ಎಂದೆವು. “ಇಟ್ಟಿದ್ರು ರೀ. ಬಂದ ಮಂದಿ ನಾನ್ ಕೇಳ್ತಾರ. ರೊಟ್ಟಿ ಮನ್ಯಾಗ ಇರ್ತದಲ್ಲ ಅಂತಾರ” ಎಂದ.

ನಮಗೆ ಮಗ ಅಪ್ಪನಿಗೆ ಹೇಳಿದ ಮಾತು ನೆನಪಾಯಿತು.

“ನಿನ್ನ ರೊಟ್ಟಿಯಾಗಿನ ಒಂದು ತುಣುಕು ಕೊಡು ತಮ್ಮಾ” ಎಂದೆವು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. “ನಾವು ತಾಂಡಾದವರು ರೀ ಅಪ್ಪೋರೆ. ನೀವು ಉಣ್ತೀರೇನ್ರಿ?” ಎಂದ.

ಶರಣಬಂಧುಗಳೇ, ಇಲ್ಲಿ ನಾವು ಸುಳ್ಳು ಹೇಳಬಾರದು. ನಾವು ತಡೆದೆವು. ಬಹಳ ಹೊತ್ತಲ್ಲ, ಒಂದು ಉಸಿರಿನಷ್ಟು. ಈ ಪೀಠದ ಮೇಲೆ ಕುಳಿತು ಜಾತಿಯಿಲ್ಲ, ಕುಲವಿಲ್ಲ ಎಂದು ಎಷ್ಟೋ ಅಮಾವಾಸ್ಯೆ ಹೇಳಿದ ಬಾಯಿ ಅದು. ಒಳಗೆ ಒಲೆಯ ಮುಂದೆ ಯಾರಿದ್ದಾರೆಂದು ಕೇಳದೆ ಅವರು ಕೊಟ್ಟದ್ದನ್ನು ಉಂಡ ಬಾಯಿ. ಅಲ್ಲಿ ಹಂಚು ಹೊಳೆಯುತ್ತಿತ್ತು, ಆದ್ದರಿಂದ ಕೇಳಬೇಕೆನಿಸಲಿಲ್ಲ. ಇಲ್ಲಿ ಅರಿವೆಯ ಗಂಟು. ಆ ಹುಡುಗ ನಮ್ಮ ತಡೆಯನ್ನು ಕಂಡ. ಅವನ ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಆದರೆ ಇಂಥದನ್ನು ಅವನು ಮೊದಲ ಸಲ ಕಂಡವನಲ್ಲ ಎಂಬುದು ಅವನ ಮುಖದಲ್ಲಿ ತಿಳಿಯುತ್ತಿತ್ತು.

ಕೈ ಚಾಚಿದೆವು. ಕೊಟ್ಟ. ಉಂಡೆವು. ಸಜ್ಜೆಯ ರೊಟ್ಟಿ, ಮೇಲೆ ಎಳ್ಳು ಹಚ್ಚಿದ್ದು. ಬೇಳೆಯ ವಿಷಯದಲ್ಲಿ ಆಡಿದ ಮಾತಿಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಹೇಳಿದೆವು. “ಬೇಳಿ ಖರೇನ ಬೆಂದಿದ್ದಿಲ್ರಿ” ಎಂದು ಅವನು ನಕ್ಕ.

ನಮ್ಮ ಶಹಾಬಾದಿನ ಮಗ್ಗುಲಿಗೇ ಮರತೂರು ಇದೆ. ವಿಜ್ಞಾನೇಶ್ವರನ ಊರು ಎಂದು ನಿಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುವಾಗ ಆತ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಇಂಗ್ಲಿಷರ ಕಾಲದ ಕೋರ್ಟುಗಳು ಕೂಡ, ಬಂಗಾಳದ ಕಡೆ ಬಿಟ್ಟು, ಹಿಂದೂ ಮನೆಗಳ ಆಸ್ತಿಯ ವ್ಯಾಜ್ಯವನ್ನು ಅದನ್ನು ಮುಂದಿಟ್ಟುಕೊಂಡು ತೀರಿಸುತ್ತಿದ್ದವು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಮಾತ್ರ ನಮ್ಮವರಿಗೆ ಮಿತಾಕ್ಷರಾ ನೆನಪಾಗುತ್ತದೆ. ಆದರೆ ಅದರ ಆಚಾರಾಧ್ಯಾಯದಲ್ಲಿ ಗೃಹಸ್ಥನ ಊಟದ ಕ್ರಮ ಇದೆ. ಮಕ್ಕಳು, ಮನೆಯ ಹೆಣ್ಣುಮಕ್ಕಳು, ಮುದುಕರು, ಬಸುರಿಯರು, ರೋಗಿಗಳು, ಅತಿಥಿಗಳು ಇವರಿಗೆಲ್ಲ ಮೊದಲು ಉಣಿಸಬೇಕು, ಉಳಿದದ್ದನ್ನು ಗಂಡಹೆಂಡತಿ ಉಣ್ಣಬೇಕು ಎಂದು. ಆ ಮೊದಲು ಉಣ್ಣುವವರ ಸಾಲಿನಲ್ಲಿ ಭೃತ್ಯನೂ ಇದ್ದಾನೆ, ಆಳುಮನುಷ್ಯ. ನಾವು ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದವರು. ‘ಭೃ’ ಧಾತು, ಭರಣ ಪೋಷಣದ ಅರ್ಥ. ಭೃತ್ಯ ಎಂದರೆ ಪೋಷಿಸಲ್ಪಡತಕ್ಕವನು ಎಂದು ವ್ಯುತ್ಪತ್ತಿ ಬರೆದು ಗುರುಗಳಿಂದ ಶಹಬಾಸ್ ಅನ್ನಿಸಿಕೊಂಡೆವು. ಆಳು ಎಂಬ ಶಬ್ದದೊಳಗೇ ಅವನ ಊಟ ಇದೆ. ಅದು ನಮಗೆ ವ್ಯಾಕರಣವಾಗಿ ಬಂತು, ಮೂರೂವರೆ ಗಂಟೆಯ ಹಸಿವೆಯಾಗಿ ಬರಲಿಲ್ಲ. ಹೋಟೆಲಿನಲ್ಲಿ ಅತಿಥಿಯೂ ಇಲ್ಲ, ಭೃತ್ಯನೂ ಇಲ್ಲ. ಗಿರಾಕಿ ಇದ್ದಾನೆ, ವೇಟರು ಇದ್ದಾನೆ. ಹೋಟೆಲಿನ ಮಾತು ಬಿಡಿರಿ. ನಮ್ಮ ಮಠದ ದಾಸೋಹದಲ್ಲಿ ಬಡಿಸುವ ಹುಡುಗರು ಎಷ್ಟು ಗಂಟೆಗೆ ಉಣ್ಣುತ್ತಾರೆ ಎಂದು ನಾವು ಈ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಚೆಂದದ ಜಾಗದಲ್ಲಿ ಕುಳಿತು ಉಣ್ಣಬೇಕೆಂಬ ಆಸೆ ತಪ್ಪಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಅನ್ನಭೋಗ ಎಂಬ ಅಧ್ಯಾಯವನ್ನೇ ಬರೆದಿದ್ದಾನೆ, 12ನೆಯ ಶತಮಾನದಲ್ಲಿ. ಅರಸನಿಗೆ ಅದು ಗ್ರಂಥದ ವಿಷಯವಾದರೆ ನಮ್ಮ ಒಕ್ಕಲಿಗನಿಗೆ ಅದು ಎಳ್ಳಮಾವಾಸ್ಯೆ. ವರ್ಷಕ್ಕೊಮ್ಮೆ ಬಂಡಿ ಕಟ್ಟಿ ಹೊಲಕ್ಕೆ ಹೋಗುತ್ತೀರಿ. ಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಹೂ ಕಟ್ಟಿರುತ್ತದೆ, ತೊಗರಿ ಕಾಯಿ ತುಂಬಿರುತ್ತದೆ. ಸಜ್ಜೆಯ ರೊಟ್ಟಿ, ಸಜ್ಜೆಯ ಕಡಬು, ಅಂಬಲಿ, ಹಸಿಕಾಳು ಕಾಯಿಪಲ್ಯ ಎಲ್ಲ ಕೂಡಿಸಿ ಮಾಡಿದ ಭಜ್ಜಿ. ಉಣ್ಣುವ ಮೊದಲು ಮನೆಯವರೆಲ್ಲ ಹೊಲ ಸುತ್ತಿ ಚರಗ ಚೆಲ್ಲುತ್ತೀರಿ. ಭೂಮಿತಾಯಿಗೆ, ಹಕ್ಕಿಗೆ, ಹುಳಕ್ಕೆ ಮೊದಲ ತುತ್ತು. ಹಾದಿಯಲ್ಲಿ ಹೋಗುವವನನ್ನು ಕರೆದು ಕೂಡಿಸುತ್ತೀರಿ. ಆಳುಮಕ್ಕಳು ಅದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ, ಅಂದು ಒಂದು ದಿವಸವಾದರೂ. ಅಲ್ಲಿ ಭಜ್ಜಿಗೆ ಉಪ್ಪು ಹೆಚ್ಚಾದರೆ ಯಾರೂ ಮುಖ ಕೆಡಿಸಿಕೊಂಡದ್ದನ್ನು ನಾವು ಕಂಡಿಲ್ಲ. ಅಂಬಲಿ ಕುಡಿದು ಸರಿಮಾಡಿಕೊಳ್ಳುತ್ತಾರೆ. ಚಂದ್ರಂಪಳ್ಳಿಯ ದಂಡೆಗೆ ನಾವು ಆ ಅರಿವೆಯ ಗಂಟು ಕಟ್ಟಿಕೊಂಡು ಹೋಗಬಹುದಿತ್ತು. ಬೆಳಗಿನಿಂದ ಬಡಿದ ರೊಟ್ಟಿ ಮನೆಯಲ್ಲಿತ್ತು.

ತಿರುಗಿ ಬರುವಾಗ ಯಜಮಾನರು ನಮ್ಮ ಮೋಟಾರಿನಲ್ಲಿಯೇ ಇದ್ದರು. ಸೇಡಂ ಬರುವ ತನಕ ಒಂದು ಮಾತು ಆಡಲಿಲ್ಲ. ಮನೆ ಬಾಗಿಲಲ್ಲಿ ಇಳಿದಾಗ, “ಅಪ್ಪೋರೆ, ನಿಮಗ ಉಪವಾಸ ಕೆಡವಿದಂಗಾಯ್ತು. ನನ್ನಿಂದ ಅಪರಾಧ ಆಯ್ತು” ಎಂದು ಕಾಲಿಗೆ ಬಿದ್ದರು. ಎಪ್ಪತ್ತು ದಾಟಿದ ಜೀವ. ಒಂದು ವಿನೋದದ ಮಾತು ಎಲ್ಲಿಗೆ ಹೋಗಿ ಮುಟ್ಟಿತು ನೋಡಿರಿ. ಅವರನ್ನು ಎಬ್ಬಿಸಿ, “ಅಪರಾಧ ನಮ್ಮದು” ಎಂದೆವು. ಅವರು ಒಪ್ಪಲಿಲ್ಲ. ಒಪ್ಪುವುದಿಲ್ಲ ಎಂದೇ ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇವೆ. ಯಜಮಾನರೇ, ಅಂದು ನಕ್ಕವರ ಮುಂದೆಯೇ ಹೇಳುತ್ತೇವೆ, ತಪ್ಪು ನಮ್ಮದು. ನಿಮ್ಮ ಉಪಚಾರದಲ್ಲಿ ಕೊರತೆ ಇರಲಿಲ್ಲ.

ಒಳಗೆ ಹೋಗಿ ಆ ತಾಯಿಯನ್ನು, “ಅವ್ವಾ, ಮುಂಜಾನೆಯ ರೊಟ್ಟಿ ಇವೆಯೇನು?” ಎಂದು ಕೇಳಿದೆವು. ಬಿಳಿಯ ಅರಿವೆ ಬಿಚ್ಚಿದರು. ಒಂದೂ ಕದಲಿರಲಿಲ್ಲ. ಸಂಕೋಚದಿಂದ “ಆರ್ಯಾವ್ರಿ ಅಪ್ಪೋರೆ” ಎಂದರು, ಆಮೇಲೆ ತಾವೇ, “ಜ್ವಾಳದ ರೊಟ್ಟಿ ಆರಿದ್ರ ಕೆಡಂಗಿಲ್ರಿ” ಎಂದರು. ಪುಂಡಿಪಲ್ಯ, ಎಣ್ಣೆಗಾಯಿ, ಗಟ್ಟಿ ಬೇಳೆ. ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಹೈದರಾಬಾದಿನ ಮಗನೂ ಕುಳಿತ. ನಾಲ್ಕು ರೊಟ್ಟಿ ಉಂಡ, ನಾವು ಎಣಿಸಿದೆವು. ಆ ಎಣಿಕೆಗೆ ಮಾತ್ರ ಯಾರ ಮುಖವೂ ಇಳಿಯಲಿಲ್ಲ.

ಇನ್ನೊಂದು ಮಾತು. ಕೆಲವು ತರುಣರು ಆ ಹೋಟೆಲಿನ ಮೇಲೆ ಅರ್ಜಿ ಬರೆಯುತ್ತೇವೆ, ಎಲ್ಲ ಕಡೆ ಹಾಕುತ್ತೇವೆ ಎಂದು ಹೊರಟಿದ್ದಾರೆ. ಬರೆಯಬೇಡಿರಿ. ಸಾಲ ಮಾಡಿ ಕಟ್ಟಿದ ಹೋಟೆಲು, ಮುಚ್ಚಿದರೆ ಆ ಹುಡುಗ ತನ್ನ ತಾಂಡಾದ ಉಳಿದವರ ಹಿಂದೆ ಪುಣೆಗೋ ಮುಂಬಯಿಗೋ ಕೂಲಿಗೆ ಹೋಗುತ್ತಾನೆ. ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಮಹಿಳಾ ಸಂಘದವರು ರೊಟ್ಟಿ ಬಡಿದು ಊರೂರಿಗೆ ಕಳಿಸುತ್ತಿದ್ದಾರೆ. ಅವರಲ್ಲಿ ಒಂದು ಸಂಘದವರನ್ನು ಆ ಮಾಲೀಕರ ಹತ್ತಿರ ಕಳಿಸಿದ್ದೇವೆ. ಅವರು ಹೇಳಿಕಳಿಸಿದ್ದೇನೆಂದರೆ, “ಇಡ್ತೀನ್ರಿ, ಆದರ ಕೇಳಾವ್ರು ಬೇಕಲ್ಲ?” ದೀಪಾವಳಿಯ ಮುಂದೆ ಚಿಂಚೋಳಿಯ ಕಡೆ ಹೋಗುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಹೋದವರು ಕೇಳಿರಿ.

ಪ್ರಸಾದ ಸಿದ್ಧವಾಗಿದೆ. ಇಂದು ಕರೆಯುವುದು ಅರ್ಧ ತಾಸು ತಡವಾಯಿತು ಎಂದು ಹಿಂದೆ ಕುಳಿತವರು ಗುಜುಗುಜು ಮಾಡುತ್ತಿದ್ದೀರಿ, ನಮಗೆ ಕೇಳಿಸುತ್ತಿದೆ. ಬಡಿಸುವ ಹುಡುಗರಿಗೆ ಮೊದಲು ಉಣ್ಣಲಿಕ್ಕೆ ಹೇಳಿದ್ದೆವು. ಅವರು ಈಗ ಕೈತೊಳೆದಿದ್ದಾರೆ. ಏಳಿರಿ, ಸಾಲು ಹಿಡಿಯಿರಿ.